ಕೂಸಿನ ಖೋಲಿಯ ಕಂಬಳಿ

ನನ್ನವರ ಮಣ್ಣಿಗೆ ಬಂದ ನಂಟರೆಲ್ಲ ತಮ್ಮ ತಮ್ಮ ಊರು ಸೇರಿದ್ದರು. ಮರುದಿನ ಬೆಳಿಗ್ಗೆ ಗಿರಣಿಯ ಭೋಂಗಾ ಎಂದಿನಂತೆ ಕೂಗಿತು. ಅತ್ತೆ ರೊಟ್ಟಿ ಬಡಿದರು. ನಾನು ಅಂಗಳ ಗುಡಿಸಿದೆ. ಅಳು ಬರಲಿಲ್ಲ.

ಗೂಟದಲ್ಲಿದ್ದ ಕರಿ ಕಂಬಳಿ ಕಂಡಾಗ ಮಾತ್ರ ಎದೆ ಚುರ್ ಎಂದಿತು. ದುಃಖವಲ್ಲ, ಹೊಟ್ಟೆಕಿಚ್ಚು.

ಹೋದ ಮಳೆಗಾಲದಲ್ಲಿ ಅದು ನನ್ನವರ ಹೆಗಲೇರಿ ಮನೆಗೆ ಬಂದಿತ್ತು.

“ಯಾರದ್ರಿ ಇದು?”

“ಯಲ್ಲಕ್ಕಂದು! ಮಳಿ ಅಂತ ಕೊಟ್ಲು!”

ಇಡೀ ಓಣಿಗೆ ಕೇಳಿಸಿತು. ನೂಲಿನ ಯಂತ್ರಗಳ ನಡುವೆ ಕೂಗಿ ಕೂಗಿ ಅವರಿಗೆ ಸಣ್ಣ ದನಿಯೇ ಮರೆತುಹೋಗಿತ್ತು. ನಾನೋ ಧಾರವಾಡದಲ್ಲಿ ಬಿ.ಎ. ಓದಿದವಳು, ವಾಚನಾಲಯದ ಮೌನಕ್ಕೆ ಒಗ್ಗಿದ ಕಿವಿ. ಮದುವೆಯ ಹೊಸತರಲ್ಲಿ ಒಮ್ಮೆ ಅವರು “ಭಾಳ ಚಂದ ಕಾಣ್ತಿ!” ಎಂದಾಗ, ಬಾಜೂ ಮನೆಯ ಫಕೀರವ್ವ ಗೋಡೆಯಾಚೆಯಿಂದಲೇ, “ಖರೇನ ಐತಿ ಬಿಡೋ ರಾಜಪ್ಪಾ!” ಎಂದಿದ್ದಳು.

ನಾನು ಸೆರಗು ಬಾಯಿಗೊತ್ತಿ ನಕ್ಕೆ. ಅವರ ಕಿವಿ ಕೆಂಪಾದವು. ಆಮೇಲೆ ಅಂಥ ಮಾತು ಅವರ ಬಾಯಲ್ಲಿ ಬರಲಿಲ್ಲ. ಮನೆಗೆ ತಡವಾಗಿ ಬರತೊಡಗಿದರು.

“ಯಲ್ಲಕ್ಕನ ಖೋಲಿಗೆ ಹೋಗ್ತಾನಂತವ್ವಾ,” ಎಂದಳು ಅದೇ ಫಕೀರವ್ವ. “ಒಳಗ ಏನ ನಡೀತೈತೋ, ಒಂದ ಸಪ್ಪಳ ಹೊರಗ ಬರಂಗಿಲ್ಲ.”

ನಾನು ಅವರನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಓಣಿಗೆಲ್ಲ ಕೇಳಿಸುತ್ತಿತ್ತು. ಅಷ್ಟರಲ್ಲಿ ಜ್ವರ ಬಂದು ಅವರನ್ನು ಕರೆದೊಯ್ದಿತು.

ಕಂಬಳಿ ಮಡಚಿದೆ.

“ಎಲ್ಲಿಗವ್ವಾ?” ಎಂದರು ಅತ್ತೆ.

“ಅವರು ತಂದದ್ದು ಕೊಟ್ಟು ಬರ್ತೀನ್ರಿ ಅತ್ತಿ.”

“ಕೊಟ್ಟು ಬಾ. ಹೋದವರ ಮ್ಯಾಲೆ ಮಂದೀ ಋಣ ಉಳೀಬಾರ್ದು.”

ಯಲ್ಲಕ್ಕನ ಖೋಲಿ ಎಂದರೆ ಗಿರಣಿಯ ಹಿಂದೆ ಅರಳೆ ತುಂಬುವ ಹಳೆಯ ಕೋಣೆ. ಒಳಗೆ ಹೋಗಿ ಬಾಗಿಲು ಎಳೆದೆ. ಯಂತ್ರಗಳ ಗದ್ದಲ ಕತ್ತರಿಸಿದಂತೆ ನಿಂತುಹೋಯಿತು. ಗೋಡೆಗುಂಟ ಅರಳೆ ಮೂಟೆಗಳು. ತೊಲೆಗೆ ಕಟ್ಟಿದ ಸೀರೆಯ ತೊಟ್ಟಿಲುಗಳಲ್ಲಿ ಗಿರಣಿ ಹೆಂಗಸರ ಕೂಸುಗಳು. ಒಬ್ಬ ತಾಯಿ ಕಣ್ಣು ಮುಚ್ಚಿ ಮೊಲೆಯೂಡಿಸುತ್ತಿದ್ದಳು. ಮುದುಕ ಕಾಮಗಾರನೊಬ್ಬ ಮೂಟೆಗೊರಗಿ ಸುಮ್ಮನೆ ಕೂತಿದ್ದ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ತೊಟ್ಟಿಲು ತೂಗುತ್ತಿದ್ದವಳು ತುಟಿಯ ಮೇಲೆ ಬೆರಳಿಟ್ಟಳು. ನನ್ನದೇ ವಯಸ್ಸು. ನಗುವ ಕಣ್ಣು, ದೊಡ್ಡ ಮೂಗುತಿ. ಚೆಲುವೆ. ಮೈ ಉರಿಯಿತು.

“ರಾಜಪ್ಪಣ್ಣಾರ ಮನಿಯವರಲ್ರೀ?” ಎಂದು ಪಿಸುಗುಟ್ಟಿದಳು. ಆಕೆಯೇ ಯಲ್ಲಕ್ಕ.

“ಅವರು ಇಲ್ಲಿ ಏನ್ ಮಾಡ್ತಿದ್ರು?”

“ಮೊದಲನೇ ದಿನ ಒದರಿ ಎಲ್ಲಾ ಕೂಸು ಎಬ್ಬಿಸಿಬಿಟ್ರು. ಹೊರಗ ಹಾಕಿದ್ನಿ. ಮತ್ತ ಬಂದ್ರು. ‘ಸಣ್ಣ ದನಿ ಕಲೀಬೇಕು ಯಲ್ಲಕ್ಕಾ. ಕೂಸು ಏಳದಂಗ ಮಾತಾಡಾಕ ಬಂತಂದ್ರ, ಮನ್ಯಾಗೂ ಮಾತಾಡಾಕ ಬರತೈತಿ’ ಅಂದ್ರು.”

“ಏನಂತಿದ್ರು?”

“ಒಂದ ಮಾತು ರೀ. ನಿಮ್ಮ ಹೆಸರು.”

ಅತ್ತೆಗೆ ಕೇಳಿಸೀತೆಂದು ಅವರು ಎಂದೂ ನನ್ನ ಹೆಸರು ಹಿಡಿದು ಕರೆದವರಲ್ಲ.

“ಕಲಿತ್ರೇನು?”

“ಜ್ವರ ಬರೂ ಹಿಂದಿನ ದಿನ. ಒಂದ ಕೂಸೂ ಮಿಸುಕಲಿಲ್ಲ.”

ಆ ದನಿಯನ್ನು ಆಕೆ ಕೇಳಿದ್ದಳು. ನಾನು ಕೇಳಿರಲಿಲ್ಲ. ಕಿಚ್ಚು ಆರುವ ಬದಲು ಮತ್ತಷ್ಟು ಎದ್ದಿತು.

“ಹೆಂಗ ಅಂದ್ರು? ಅಂದು ತೋರ್ಸು.”

“ಆ ದನಿ ನನಗ ಬರಂಗಿಲ್ರಿ ಅಕ್ಕಾ. ತುಟಿ ನೋಡ್ರಿ.”

ಗದ್ದಲದಲ್ಲಿ ಗಿರಣಿಯವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಯಲ್ಲಕ್ಕನ ತುಟಿಗಳು ಸದ್ದಿಲ್ಲದೆ ದುಂಡಗಾಗಿ, ನಿಧಾನ ಅರಳಿದವು. ‘ಗೌರಾ.’

ಮೂಟೆಗೊರಗಿ ಕೂತೆ. ಅಳು ಬಂತು. ಯಾರೂ ಸಮಾಧಾನ ಮಾಡಲಿಲ್ಲ, ಯಾಕೆ ಎನ್ನಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ಅಳಲು ನನಗೊಂದು ಜಾಗ ಸಿಕ್ಕಿತ್ತು.

“ಕಂಬಳಿ ಬೇಕಾದ್ರ ನೀವ ಇಟ್ಕೋರಿ,” ಎಂದಳು ಯಲ್ಲಕ್ಕ.

“ಬ್ಯಾಡ. ನಿಂದು ನೀ ತಗೋ,” ಎಂದು ಆಕೆಯ ಕೈಗಿಟ್ಟೆ. “ನಂದು ನನಗ ಸಿಕ್ತು.”

ಒಂದು ಕೂಸೂ ಮಿಸುಕಲಿಲ್ಲ.