ಹಿತ್ತಲ ಮನೆಯಲ್ಲಿ ಉಕ್ಕಿದ ಹಾಲು

1964ರ ಫೆಬ್ರವರಿ 20, ಗುರುವಾರ. ಬೆಳಿಗ್ಗೆ ಹತ್ತು ಗಂಟೆಗೆ ಸಾಗರದ ಠಾಣೆಗೆ ಬಂದ ದೂರು, ಸಬ್‌ಇನ್ಸ್‌ಪೆಕ್ಟರ್ ಮುಕುಂದಯ್ಯ ತನ್ನ ಸರ್ವಿಸಿನಲ್ಲಿ ಕಂಡು ಕೇಳರಿಯದಂಥದ್ದು.

"ಎಂತ ಕಳವಾಗಿದೆ?"

"ಎಂತದೂ ಕಳವಾಗಿಲ್ಲ ಸ್ವಾಮಿ."

"ಮತ್ತೆ?"

"ನನ್ನ ಹೊಸ ಮನೆ ಒಕ್ಕಲು ಯಾರೋ ಮಾಡಿಬಿಟ್ಟಿದಾರೆ."

ಹೇಳಿದವನು ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ದುಗ್ಗಪ್ಪ. ತನ್ನ ಮನೆಯ ಹಿತ್ತಲಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಪುಟ್ಟ ಬಿಡಾರ ಕಟ್ಟಿಸಿದ್ದ. ಅದನ್ನು ಲಿಂಗನಮಕ್ಕಿ ಅಣೆಕಟ್ಟಿನ ಓವರ್ಸಿಯರ್ ಸುಂದರೇಶನಿಗೆ ಬಾಡಿಗೆಗೆ ಕೊಡುವ ಮಾತಾಗಿತ್ತು. ಮರುದಿನವೇ ಗೃಹಪ್ರವೇಶ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಒಲೆ ಇನ್ನೂ ಬೆಚ್ಚಗಿದೆ, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿದೆ. ಬಾಗಿಲಿಗೆ ಮಾವಿನ ಎಲೆಯ ತೋರಣ, ಹೊಸ್ತಿಲ ಮುಂದೆ ರಂಗೋಲಿ. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸಿದವರದ್ದೇ ಒಕ್ಕಲು ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಸುದ್ದಿ ಕಿವಿಗೆ ಬಿದ್ದದ್ದೇ ಓವರ್ಸಿಯರನ ಹೆಂಡತಿ, ಬೇರೆಯವರು ಒಕ್ಕಲಾದ ಮನೆಗೆ ತಾನು ಕಾಲಿಡುವವಳಲ್ಲ ಎಂದುಬಿಟ್ಟಳಂತೆ.

ಕಾನ್‌ಸ್ಟೇಬಲ್ ಕನ್ನಪ್ಪ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಇಂಥ ಪೇಚಾಟವನ್ನು ಮಾತ್ರ ಹೇಳಿರಲಿಲ್ಲ. ಮುಕುಂದಯ್ಯ ನಗಲಿಲ್ಲ. ಕುತೂಹಲವೆಂದರೆ ಅವನಿಗೆ ಕಜ್ಜಿಯಿದ್ದ ಹಾಗೆ, ಕೆರೆಯದೆ ಬಿಡುವಂತಿರಲಿಲ್ಲ. ಗೃಹ ಅತಿಕ್ರಮ ಪ್ರವೇಶವೆಂದು ಎಫ್‌ಐಆರ್ ಬರೆಸಿದ.

"ಯಾರ ಮೇಲಾದ್ರೂ ಅನುಮಾನ?"

"ಪಕ್ಕದ ಮನೆ ಮಂಜಯ್ಯ. ಬೇಲಿ ವಿಷಯಕ್ಕೆ ನಮಗೂ ಅವನಿಗೂ ಆಗಲ್ಲ."

ಹನ್ನೊಂದೂವರೆಗೆ ಇಬ್ಬರು ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು. ಹಂಚು ಸರಿದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಹೊಸ ಗೋಡೆಗೆ ಹಳೆಯ ಕಾಲದ ದಪ್ಪ ಹಲಸಿನ ಬಾಗಿಲು ಕೂರಿಸಿತ್ತು. ಬಾಗಿಲಿನಲ್ಲೇ ಕೂರಿಸಿದ್ದ ಹಳೆಯ ಬೀಗಕ್ಕೂ ಏನೂ ಆಗಿರಲಿಲ್ಲ. ಮುಕುಂದಯ್ಯ ಹೊಸ್ತಿಲ ಬಳಿ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ರಂಗೋಲಿಯ ಎಳೆ ಎಲ್ಲಿಯೂ ತುಂಡಾಗಿರಲಿಲ್ಲ, ಗಂಡಸಿನ ಕೈಗೆ ಬರುವ ಕೆಲಸವಲ್ಲ ಅದು. ಹೊಸ್ತಿಲ ಮೇಲೆ ಹೂವಿತ್ತು. ಆದರೆ ಅರಿಸಿನ ಕುಂಕುಮ ಇರಲಿಲ್ಲ.

ಮುತ್ತೈದೆಯಾದವಳು ರಂಗೋಲಿ ಮರೆತರೂ ಹೊಸ್ತಿಲಿಗೆ ಕುಂಕುಮ ಇಡುವುದನ್ನು ಮರೆಯಳು. ಅಪ್ಪ ತೀರಿಕೊಂಡ ಮೇಲೆ ಮುಕುಂದಯ್ಯನ ತಾಯಿಯೂ ದಿನಾ ರಂಗೋಲಿ ಇಟ್ಟು, ಕುಂಕುಮದ ಬಟ್ಟಲು ಮುಟ್ಟದೆ ಸೊಸೆಯನ್ನು ಕೂಗುತ್ತಿದ್ದರು. ಅದು ನೆನಪಾಗಿ ಅವನಿಗೆ ಒಂಥರಾ ಆಯಿತು. ಧೂಳು ಕೊಡವಿಕೊಂಡು ಎದ್ದ.

ಅನುಮಾನ ಹೇಳಿದ್ದರಿಂದ ಮಂಜಯ್ಯನನ್ನು ವಿಚಾರಿಸದೆ ಬಿಡುವಂತಿರಲಿಲ್ಲ. ಅವನು ಬೇಲಿಯ ಆಚೆಯಿಂದಲೇ ಉತ್ತರಿಸಿದ. "ಅವನ ಮನೆ ಹಾಳಾಗ್ಲಿ ಅಂತ ಬೇಕಾದ್ರೆ ಹರಕೆ ಹೊತ್ತೇನು. ಹಾಲುಕ್ಕಿಸಿ ತೋರಣ ಕಟ್ಟಕ್ಕೆ ನಂಗೆ ತಲೆ ಕೆಟ್ಟಿದ್ಯಾ ಮಾರಾಯ್ರೆ?" ಜಗಳಗಂಟನ ಮಾತಾದರೂ ನ್ಯಾಯವಾಗಿತ್ತು.

ಮುಕುಂದಯ್ಯ ದುಗ್ಗಪ್ಪನ ಜಗಲಿಗೆ ಬಂದು ಕೂತ.

"ಮನೇಲಿ ಹೆಂಗಸ್ರು ಎಷ್ಟು ಜನ?"

"ನನ್ನ ಹೆಂಡ್ತಿ ಒಬ್ಬಳೇ."

"ಹಿತ್ತಲ ಮನೆ ಬಾಗಿಲು ಎಲ್ಲಿಂದ ತಂದ್ರಿ?"

"ಹಳೇದು ಸ್ವಾಮಿ. ಅಣೆಕಟ್ಟಿನ ನೀರಲ್ಲಿ ಮುಳುಗಡೆ ಆದ ಊರಿಂದು."

"ಯಾರ ಮನೇದು?"

ದುಗ್ಗಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. "ನಮ್ಮ ತಂಗಿ ಮನೇದು."

"ಅವರೀಗ ಎಲ್ಲಿದಾರೆ?"

"ಇಲ್ಲೇ ಇದಾಳೆ."

ಲೆಕ್ಕಕ್ಕೇ ಸೇರದ ಆ ತಂಗಿ ತುಂಗಮ್ಮ, ಕರೆದಾಗ ಕೈ ಒರೆಸಿಕೊಳ್ಳುತ್ತ ಬಂದು ಕಂಬದ ಪಕ್ಕ ನಿಂತಳು. ಬೋಳು ಹಣೆ, ಬರಿಗೈ. ಮುಕುಂದಯ್ಯ ಸುತ್ತಿ ಬಳಸಿ ಮಾತಾಡಲಿಲ್ಲ.

"ಆ ಬಾಗಿಲಿಗೆ ಇನ್ನೊಂದು ಬೀಗದ ಕೈ ಇತ್ತಾ ಅಮ್ಮ?"

ಅವಳು ಅಣ್ಣನತ್ತ ನೋಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿ, ಗೇಣುದ್ದದ ಕಬ್ಬಿಣದ ಕೀಲಿಕೈಯನ್ನು ಜಗಲಿಯ ಮೇಲಿಟ್ಟಳು.

"ಹಾಲು ಉಕ್ಕಿಸಿದ್ದು ನಾನೇ."

"ಎಂತಕ್ಕೆ?"

"ಬಾಗಿಲು, ಕಂಬ, ಹಂಚು ಎಲ್ಲಾ ನಂದೇ. ನೀರು ಬರೋ ಮುಂಚೆ ಬಿಚ್ಚಿ ಲಾರೀಲಿ ತಂದಿದ್ದು. ನಿಂಗೇ ಒಂದು ಬಿಡಾರ ಕಟ್ಟಿಸ್ತೀನಿ ಅಂದಿದ್ದ ಅಣ್ಣ. ಹಂಚು ಹೊದಿಸಿದ ಮೇಲೆ ಓವರ್ಸಿಯರ್ರು ಬಂದ್ರು."

"ನೀವು ಕೇಳಲಿಲ್ವಾ?"

"ಕೇಳ್ದೆ. ಒಂಟಿ ಹೆಂಗಸಿಗೆ ಬೇರೆ ಮನೆ ಎಂತಕ್ಕೆ ಅಂದ."

"ಹೀಗೆ ಒಳಗೆ ಹೋಗೋದು ಅಪರಾಧ ಅಂತ ಗೊತ್ತಿತ್ತಾ?"

"ಗಂಡ ಸತ್ತವಳು ಹಾಲುಕ್ಕಿಸಿದ್ರೆ ಅಪಶಕುನ ಅಂತ ಗೊತ್ತಿತ್ತು. ಪೊಲೀಸ್ರು ಬರ್ತಾರೆ ಅಂತ ಗೊತ್ತಿರಲಿಲ್ಲ."

ದುಗ್ಗಪ್ಪನ ಮುಖ ಕಪ್ಪಿಟ್ಟಿತು. "ಮನೆ ಮರ್ಯಾದೆ ವಿಷಯ ಸ್ವಾಮಿ. ದೂರು ವಾಪಸ್ ತಗೊಳ್ತೀನಿ, ಇಲ್ಲಿಗೇ ಬಿಟ್ಟುಬಿಡಿ."

ಮುಕುಂದಯ್ಯನಿಗೂ ಅದೇ ಸಲೀಸಾಗಿತ್ತು. ಆದರೆ ಒಪ್ಪದೇ ಹೋದವಳು ತುಂಗಮ್ಮ.

"ಬೇಡ ಸ್ವಾಮಿ. ದೂರು ವಾಪಸ್ ಹೋದ್ರೆ ಏನೂ ಆಗೇ ಇಲ್ಲ ಅಂತ ಆಗ್ತದೆ. ನಾಳೆ ಒಲೆ ತೊಳೆದು ಇನ್ಯಾರಿಗೋ ಕೊಡ್ತಾನೆ. ಮಾಡಿದೀನಿ, ಕರ್ಕೊಂಡು ಹೋಗಿ."

ಕಳ್ಳರು ಕಾಲು ಹಿಡಿದು, ಬಿಟ್ಟುಬಿಡಿ ಎಂದದ್ದನ್ನು ಮುಕುಂದಯ್ಯ ಕೇಳಿದ್ದ, ಹಿಡಿಯಿರಿ ಎಂದದ್ದು ಇದೇ ಮೊದಲು. ಸಂಜೆ ನಾಲ್ಕಕ್ಕೆ ತುಂಗಮ್ಮನ ದಸ್ತಗಿರಿಯಾಯಿತು. ಪೇಟೆಯ ನಡುವೆ ಅವಳು ತಲೆ ತಗ್ಗಿಸದೆ ನಡೆದಳು. ಅವಳಿಗಿಂತ ಹತ್ತು ಮಾರು ಹಿಂದೆ ದುಗ್ಗಪ್ಪ ನೆಲ ನೋಡಿಕೊಂಡು ಬಂದ. ಅಂಗಡಿ ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು.

ಜಾಮೀನು ಸಿಗುವ ಅಪರಾಧ. ಜಾಮೀನಿಗೆ ನಿಲ್ಲುವವರು ಯಾರು ಎಂದು ಕೇಳುವಷ್ಟರಲ್ಲಿ ಮಂಜಯ್ಯ ಠಾಣೆಯೊಳಗೆ ಬಂದ. "ನಾ ನಿಲ್ತೀನಿ. ಕಳ್ಳ ಅನ್ನಿಸ್ಕೊಂಡಿದ್ದಕ್ಕೆ ಇಷ್ಟಾದ್ರೂ ಆಗ್ಲಿ" ಎಂದು ದುಗ್ಗಪ್ಪನ ಎದುರಿಗೇ ರುಜು ಹಾಕಿದ.

"ಆರೋಪಿ ವಾಸಸ್ಥಳ?" ಕನ್ನಪ್ಪ ಕೇಳಿದ.

ಇಷ್ಟು ಹೊತ್ತು ಗಟ್ಟಿಯಾಗಿದ್ದ ತುಂಗಮ್ಮನ ತುಟಿ ಅದುರಿತು. ಊರೆಂದು ಹೇಳಿಕೊಳ್ಳಲು ಊರು ನೀರಿನಡಿ ಇತ್ತು. ಕನ್ನಪ್ಪ ಇನ್ನೊಮ್ಮೆ ಕೇಳಿದ.

"ನಮ್ಮ ಹಿತ್ತಲ ಮನೆ ಅಂತ ಬರ್ಕೊಳ್ಳಿ" ಎಂದ ದುಗ್ಗಪ್ಪ. ಓವರ್ಸಿಯರ್ ಹೇಗೂ ಬರುವುದಿಲ್ಲ ಎಂಬ ಲೆಕ್ಕವೋ, ಪೇಟೆಯ ಕಣ್ಣೋ, ತಂಗಿಯ ತುಟಿಯೋ, ಹೇಳುವುದು ಕಷ್ಟ. ಅಂತೂ ಅವನ ಬಾಯಿಂದ ಬಂತು, ಕನ್ನಪ್ಪ ಬರೆದುಕೊಂಡ. ಮುಕುಂದಯ್ಯನ ಮನಸ್ಸಿಗೆ ಹಿತವಾಯಿತು.

ಆದರೂ ಅವನ ಕಜ್ಜಿ ಪೂರ್ತಿ ಆರಿರಲಿಲ್ಲ. ಹೊರಟು ನಿಂತವಳನ್ನು ಬಾಗಿಲಲ್ಲಿ ತಡೆದು ಕೇಳಿದ. "ಹಾಲು ಉಕ್ಕಿಸಿದ ಮೇಲೆ ಎಂತ ಮಾಡಿದ್ರಿ ಅಮ್ಮ?"

"ಉಳಿದ ಹಾಲಿಗೆ ಕಾಫಿ ಮಾಡ್ಕೊಂಡೆ. ಗಂಡನ ಮನೇಲಿ ಅತ್ತೆ ಒಲೆ, ಇಲ್ಲಿ ಅತ್ತಿಗೆ ಒಲೆ. ಯಾರನ್ನೂ ಕೇಳದೆ ಮಾಡ್ಕೊಂಡ ಕಾಫಿ ಅದೇ ಮೊದಲ್ನೇದು ಸ್ವಾಮಿ."

ಆಗ ತುಂಗಮ್ಮನಿಗೆ ನಲವತ್ತೆಂಟು ವರ್ಷ.