ನಗಬಾರದ ಸ್ಟುಡಿಯೋ

ವಿಲ್ಫ್ ಆರ್ಮರಾಡ್ ತನ್ನನ್ನು ಕಂಡರೆ ಯಾಕೆ ಮುಖ ತಿರುಗಿಸುತ್ತಾನೆಂದು ಡಿಲಿಸ್ ಪ್ರಾಥರೋಗೆ ಒಂದು ವಾರ ತಿಳಿಯಲೇ ಇಲ್ಲ.

ಅವನು ಲ್ಯಾಂಕಾಶೈರಿನ ರಂಗಮಂದಿರಗಳಲ್ಲಿ ಜನರನ್ನು ನಗಿಸುತ್ತ ಬಂದವನು. ಅವಳು ಸ್ವಾನ್ಸಿಯ ವೆಲ್ಷ್ ನರ್ತಕಿ. ಸಿನಿಮಾ ಮಾತಾಡಲು ಕಲಿತು ಹೆಚ್ಚು ಕಾಲವಾಗಿರಲಿಲ್ಲ. ಲಂಡನ್ನಿನ ಹೊರವಲಯದ ಆ ಸ್ಟುಡಿಯೋದಲ್ಲಿ ಹಾಡು, ಕುಣಿತ, ತಮಾಷೆ ಬೆರೆಸಿ ಚಿತ್ರವೊಂದನ್ನು ತೆಗೆಯುತ್ತಿದ್ದರು. ಅದರಲ್ಲಿ ಅವನು ಬಿಸ್ಕತ್ತು ಕಂಪನಿಯ ಏಜೆಂಟ್, ಅವಳು ಅವನನ್ನು ಸತಾಯಿಸುವ ಅಂಗಡಿ ಹುಡುಗಿ.

ಕ್ಯಾಂಟೀನಿನಲ್ಲಿ ಅವಳೇ ತಟ್ಟೆ ಹಿಡಿದು ಹೋಗಿ ಅವನೆದುರು ಕೂತಳು.

"ನನ್ನ ಮೇಲೆ ಏನು ಕೋಪ ನಿಮಗೆ?"

"ಕೋಪ ಏನಿಲ್ಲ. ನನ್ನ ಜೋಕಿಗೆ ನೀವು ಒಂದು ಸಲಾನೂ ನಗಲಿಲ್ಲ, ಅಷ್ಟೇ. ಬರ್ನ್ಲಿಯ ರಂಗಮಂದಿರದಲ್ಲಿ ನನ್ನ ಮೇಲೆ ಕಿತ್ತಳೆ ಸಿಪ್ಪೆ ಎಸೀತಿದ್ರು. ಅದೇ ವಾಸಿ ಅನ್ಸುತ್ತೆ."

"ನಕ್ಕರೆ ಮೈಕಿಗೆ ಬೀಳುತ್ತೆ ಕಣ್ರೀ. ನಗು ತಡೆಯೋಕೆ ಕೆನ್ನೆ ಒಳಗೇ ಕಚ್ಕೊಂಡು ಹುಣ್ಣಾಗಿದೆ. ಈ ಸಾಸೇಜನ್ನೂ ಒಂದೇ ಕಡೆ ಅಗೀತಿದೀನಿ, ನೋಡಿ."

ಅವನು ನೋಡಿದ. ಎಡಗೆನ್ನೆ ತುಸು ಊದಿತ್ತು. ಅಷ್ಟು ತಿಳಿದ ಮೇಲೂ ಅವನ ಕಣ್ಣು ಅಲ್ಲಿಂದ ಕದಲಲಿಲ್ಲ.

"ಯಾವ ಜೋಕಿಗೆ?"

"ಹೇಳಲ್ಲ. ತಲೆ ಮೇಲೆ ಕೂತ್ಕೊಳ್ತೀರ."

ಆದರೂ ಕ್ಯಾಮೆರಾದೆದುರು ಅವನ ತೊಂದರೆ ಹಾಗೇ ಉಳಿಯಿತು. ಜನರ ನಗುವಿಲ್ಲದೆ ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಮಾತು ಇನ್ನೊಂದರ ಮೇಲೆ ಬೀಳುತ್ತಿತ್ತು. ಶುಕ್ರವಾರದೊಳಗೆ ಸರಿಹೋಗದಿದ್ದರೆ ದೃಶ್ಯವನ್ನೇ ಕಿತ್ತುಹಾಕುತ್ತೇನೆಂದು ನಿರ್ದೇಶಕ ಹೇಳಿದ.

ಡಿಲಿಸ್ ತನ್ನ ಜೊತೆ ಕುಣಿಯುವ ಹುಡುಗಿಯರನ್ನು ಕೂಡಿಸಿ ಅವನಿಂದ ಇಡೀ ದೃಶ್ಯವನ್ನು ಆಡಿಸಿದಳು. ಮೈಕ್ ಇಲ್ಲದ ಕಡೆ ಅವರು ಮನಸಾರೆ ನಕ್ಕರು. ಎಲ್ಲಿ ನಗು ಏಳುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡಳು. ಚಿತ್ರೀಕರಣದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಅಂಗಡಿಯ ಕೌಂಟರಿನ ಕೆಳಗೆ ಅವನ ಕೈ ಹಿಡಿದಳು. ನಗು ಬರಬೇಕಾದಲ್ಲಿ ಅದುಮಿದಳು, ಇಳಿಯಬೇಕಾದಲ್ಲಿ ಸಡಿಲಿಸಿದಳು.

ದೃಶ್ಯ ಒಂದೇ ಸಲಕ್ಕೆ ಓಕೆ ಆಯಿತು. ದೀಪಗಳು ಆರಿದರೂ ಅವನು ಕೈ ಬಿಡಲಿಲ್ಲ. ಲೈಟಿನವನೊಬ್ಬ ಕೆಮ್ಮಿದ ಮೇಲೆ ಇಬ್ಬರೂ ಒಟ್ಟಿಗೆ ಬಿಟ್ಟರು.

ಎಡಿಟಿಂಗ್ ಮುಗಿದಾಗ ಚಿತ್ರದಲ್ಲಿದ್ದ ಅವಳ ನೃತ್ಯ ಕತ್ತರಿಸಿಹೋಗಿತ್ತು. ಅವಳ ಬೂಟಿನ ಸದ್ದು ಹಾಡನ್ನೇ ನುಂಗಿತ್ತಂತೆ. ಅವನಿಗೆ ಇನ್ನೊಂದು ಚಿತ್ರ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಸ್ವಾನ್ಸಿಯ ಕ್ರಿಸ್‌ಮಸ್ ನಾಟಕ. ಅವಳು ಅಳಲಿಲ್ಲ. ಟ್ರಂಕು ಕಟ್ಟಿದಳು.

ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಬೀಳ್ಕೊಡಲು ಬೋಗಿ ಹತ್ತಿದ ವಿಲ್ಫ್ ರೈಲು ಹೊರಟಾಗ ಇಳಿಯಲಿಲ್ಲ. ಅವಳೆದುರು ಬಂದು ಕೂತ. ಪಕ್ಕದಲ್ಲಿ ಒಬ್ಬ ಅಜ್ಜಿ ಹೆಣೆಯುತ್ತಿದ್ದಳು.

"ಟಿಕೆಟ್ಟು?" ಡಿಲಿಸ್ ಕೇಳಿದಳು.

"ಪ್ಲಾಟ್‌ಫಾರ್ಮಿಂದು. ಡಿಲಿಸ್, ಕೌಂಟರಿನ ಕೆಳಗೆ ನಡೆದದ್ದು ನಿನಗೆ ಬರೀ ಕೆಲಸ ಆಗಿತ್ತಾ?"

ಅವಳು ಕಿಟಕಿ ಕಡೆ ತಿರುಗಿದಳು. ತನ್ನದು ಕೆಲಸವಾಗಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನದು ಬರೀ ಕೃತಜ್ಞತೆ, ಈಗ ಕನಿಕರ ಎಂದುಕೊಂಡಿದ್ದಳು. ಅವನು ಚಿತ್ರದವನು, ತನ್ನನ್ನು ಅದರಿಂದ ಕತ್ತರಿಸಿ ಬಿಸಾಡಿದ್ದರು.

"ಇದು ನಿನ್ನ ಮೇಲಿನ ಕನಿಕರ ಅಲ್ಲ," ಎಂದ ವಿಲ್ಫ್. "ಕನಿಕರಕ್ಕೆ ಯಾರೂ ಟಿಕೆಟ್ಟಿಲ್ದೆ ರೈಲು ಹತ್ತಲ್ಲ. ನನ್ನನ್ನ ಮದುವೆ ಆಗ್ತೀಯಾ?"

ಅಜ್ಜಿ ಹೆಣಿಗೆ ನಿಲ್ಲಿಸಿದಳು. "ಏನಾದ್ರೂ ಹೇಳಮ್ಮ. ನಾನು ಮುಂದಿನ ಸ್ಟೇಷನ್ನು ರೆಡಿಂಗ್‌ನಲ್ಲಿ ಇಳೀಬೇಕು."

"ಕುಣಿಯೋದು ಬಿಡಲ್ಲ ನಾನು," ಎಂದಳು ಡಿಲಿಸ್.

"ಬಿಡು ಅಂದೋರ್ಯಾರು?"

"ಹಾಗಾದ್ರೆ ಈಸ್ಟರ್ ಆದ್ಮೇಲೆ. ನಮ್ಮಮ್ಮನ ಚರ್ಚಿನಲ್ಲೇ ಆಗಬೇಕು. ವೆಲ್ಷ್ ಭಾಷೇಲಿ. ನಿಮಗೆ ಒಂದಕ್ಷರ ಅರ್ಥ ಆಗಲ್ಲ."

"ಹ್ಞೂಂ ಅನ್ನೋದು ಯಾವಾಗ ಅಂತ ನೀನೇ ಹೇಳಿಕೊಡು."

ರೆಡಿಂಗ್‌ನಲ್ಲಿ ಅವನು ಅಜ್ಜಿಯ ಚೀಲ ಹೊತ್ತು ಇಳಿದ. ಟಿಕೆಟ್ ಕಲೆಕ್ಟರನ ಎದುರು ಜೇಬು ತಡಕಾಡುತ್ತ ನಿಂತವನನ್ನು ಅವಳು ರೈಲು ತಿರುವು ದಾಟುವವರೆಗೂ ನೋಡಿದಳು.