ಅಜ್ಜನ ಹಳದಿ ಬಾಣ

“ಇನ್ನೊಂದ್ಸಲ ಅಲ್ಲಾಡಿಸು,” ಎಂದ ಡಂಗುರ.

ಬುಗುರಿ ಮೌಸ್ ಹಿಡಿದು ಪರದೆಯ ಮೇಲಿದ್ದ ಕಿಟಕಿಯನ್ನು ಎಳೆದಳು. ಅದು ಜೆಲ್ಲಿಯ ಹಾಗೆ ಅತ್ತ ವಾಲಿ, ಇತ್ತ ಬಳುಕಿ, ಆಮೇಲೆ ನಿಧಾನಕ್ಕೆ ನಿಂತಿತು. ಡಂಗುರನ ಬಾಯಿ ತೆರೆದುಕೊಂಡಿತು. ಎಷ್ಟು ದೊಡ್ಡದಾಗಿ ಎಂದರೆ, ಒಳಗೆ ಎರಡು ಸೈಕಲ್ಲು ನಿಲ್ಲಿಸಿ ಬೀಗ ಹಾಕಬಹುದಿತ್ತು. ಹೆಚ್ಚು ಮಾಡಿ ಹೇಳುವ ಅಭ್ಯಾಸ ನನಗಿಲ್ಲ. ಬೇಕಾದರೆ ಒಂದೇ ಸೈಕಲ್ಲು ಎಂದಿಟ್ಟುಕೊಳ್ಳಿ.

ಡಂಗುರ ಅವಳ ಕ್ಲಾಸಿನ ಹುಡುಗ. ಯಾವ ಸುದ್ದಿಯೂ ಅವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಹೋದ ವಾರ ಅವನ ಮನೆಗೆ ಹೊಸ ಲ್ಯಾಪ್‌ಟಾಪ್ ಬಂದಿತ್ತು. ಅದು ಕ್ಲಾಸಿಗೆ ಗೊತ್ತಾಯಿತು, ಸ್ಕೂಲಿಗೆ ಗೊತ್ತಾಯಿತು, ಗೇಟಿನ ಹತ್ತಿರ ಮಲಗುವ ನಾಯಿಗೂ ಗೊತ್ತಾಯಿತು. ಸುಮ್ಮನೆ ಇರಬಾರದೇ ಅವನು?

“ನಿಮ್ಮನೆ ಕಂಪ್ಯೂಟರ್‌ನ ಮ್ಯೂಸಿಯಂನವರು ಹುಡುಕ್ತಿದಾರಂತೆ,” ಎಂದುಬಿಟ್ಟಿದ್ದ.

ಬುಗುರಿಗೆ ಆ ಹೆಸರು ಬಂದದ್ದು ಅವಳು ಒಂದು ಕಡೆ ನಿಲ್ಲುವುದಿಲ್ಲ ಎಂದು. ಅವತ್ತಂತೂ ಸಿಟ್ಟಿಗೆ ಮನೆಯ ತನಕ ಗಿರಗಿರ ತಿರುಗುತ್ತಲೇ ಬಂದಳು.

ಕಂಪ್ಯೂಟರ್ ಹಳೆಯದು ಎಂಬುದು ಸುಳ್ಳಲ್ಲ. ಡೈನೋಸಾರ್ ಮರಿಗಳು ಅದರಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದವು. ಮೊದಲೆಲ್ಲ ಅದು ಆನ್ ಆಗುವಷ್ಟರಲ್ಲಿ ಒಂದು ಮಗು ಹುಟ್ಟಿ, ಹಲ್ಲು ಬಂದು, ಸ್ಕೂಲಿಗೆ ಸೇರಬಹುದಿತ್ತು. ಹಾಸ್ಟೆಲಿಗೆ ಹೋಗುವ ಮೊದಲು ಅಕ್ಕ ಅದನ್ನು ನಡೆಸುತ್ತಿದ್ದ ಹಳೆಯ ತಂತ್ರಾಂಶವನ್ನೆಲ್ಲ ತೆಗೆದು, ಲಿನಕ್ಸ್ ಎಂಬ ಬೇರೆ ತಂತ್ರಾಂಶ ಹಾಕಿದಳು. ಆಮೇಲೆ ಮುದುಕನಿಗೆ ಹೊಸ ಕಾಲು ಬಂದ ಹಾಗಾಯಿತು.

“ಇದನ್ನ ಬರೆದೋರು ಏನನ್ನೂ ಮುಚ್ಚಿಟ್ಟಿಲ್ಲ,” ಎಂದಿದ್ದಳು ಅಕ್ಕ. “ಯಾರು ಬೇಕಾದ್ರೂ ಒಳಗೆ ನೋಡಬಹುದು. ಬೇಡದ್ದು ತೆಗೀಬಹುದು, ಬೇಕಾದ್ದು ಸೇರಿಸಬಹುದು.”

ಅಷ್ಟೆಲ್ಲ ಹೇಳಿದ ಅಕ್ಕನಿಗೆ ಒಂಚೂರೂ ಟೇಸ್ಟ್ ಇಲ್ಲ ಎಂಬುದು ಬುಗುರಿಯ ಅಭಿಪ್ರಾಯ. ಅವಳು ಮಾಡಿಟ್ಟಿದ್ದಾದರೂ ಏನು? ಮೌಸಿನ ಬಾಣ ಹಳದಿ ಬಣ್ಣದ್ದು, ಬಾಳೆಹಣ್ಣಿನಷ್ಟು ದಪ್ಪ. ಪರದೆಯ ಎಡಗಡೆ ಮೂರೇ ಮೂರು ಐಕಾನು, ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಮೌಸು ಇರುತ್ತಿದ್ದುದು ಕೀಬೋರ್ಡಿನ ಎಡಗಡೆ. ಅದರ ಬಟನ್ನುಗಳಂತೂ ಉಲ್ಟಾ, ಎಡದ್ದನ್ನು ಒತ್ತಿದರೆ ಬಲದ್ದರ ಕೆಲಸ ಆಗುತ್ತಿತ್ತು. ಹೋಮ್‌ವರ್ಕ್ ಮಾಡುವಾಗ ಬುಗುರಿ ಹಲ್ಲು ಕಡಿದ ಸದ್ದು ಬಸ್‌ಸ್ಟಾಪಿನ ತನಕ ಕೇಳುತ್ತಿತ್ತು.

ಹಾಗಾಗಿ ಈ ಶನಿವಾರ ಬೆಳಗ್ಗೆ ಅವಳು ಸೆಟ್ಟಿಂಗ್ಸ್ ತೆರೆದಳು. ‘ರೀಸೆಟ್’ ಎಂಬ ಬಟನ್ ಒತ್ತಿದಳು. ಅಕ್ಕನ ಬಾಳೆಹಣ್ಣು, ಊಟದ ತಟ್ಟೆ, ಉಲ್ಟಾ ಬಟನ್ನು ಎಲ್ಲ ಒಂದೇ ಏಟಿಗೆ ಮಾಯ. ಆಮೇಲೆ ಮೌಸನ್ನು ಬಲಗಡೆಗೆ ಎಳೆದುಕೊಂಡು ಕೆಲಸ ಶುರು ಮಾಡಿದಳು. ಕಪ್ಪು ಆಕಾಶ, ಅದರ ತುಂಬ ನಕ್ಷತ್ರ. ಕೆಳಗೆ ಇರುವೆ ಸಾಲಿನ ಹಾಗೆ ಪುಟ್ಟಪುಟ್ಟ ಐಕಾನು. ಸೂಜಿಯಷ್ಟು ತೆಳ್ಳಗಿನ ಬಾಣ. ಕೊನೆಗೆ ಆ ಬಳುಕುವ ಕಿಟಕಿ.

“ನಮ್ಮದರಲ್ಲಿ ಇದೆಲ್ಲ ಬರಲ್ಲ,” ಎಂದ ಡಂಗುರ, ಬಾಯಿ ಮುಚ್ಚಿಕೊಂಡ ಮೇಲೆ. “ವಾಲ್‌ಪೇಪರ್ ಬಿಟ್ರೆ ನಾನಿನ್ನೇನೂ ಮುಟ್ಟೋಕಾಗಲ್ಲ. ಇದಕ್ಕೆ ದುಡ್ಡೆಷ್ಟು?”

“ದುಡ್ಡಿಲ್ಲ. ಫ್ರೀ.”

“ಕದ್ದಿದ್ದಾ?”

“ಕದಿಯೋದ್ಯಾಕೆ? ಮಾಡಿದೋರೇ ಎಲ್ರಿಗೂ ಕೊಟ್ಟಿರೋದು.”

“ಸುಮ್‌ಸುಮ್ನೆ ಯಾರಾದ್ರೂ ಕೊಡ್ತಾರಾ? ಅವರಿಗೇನು ಲಾಭ?”

“ಕೊಡ್ತಾರಪ್ಪ,” ಎಂದು ಬುಗುರಿ ಇನ್ನೊಂದು ಸಲ ಕಿಟಕಿ ಅಲ್ಲಾಡಿಸಿದಳು.

“ನಾಳೆ ಎಲ್ರನ್ನೂ ಕರ್ಕೊಂಡು ಬರ್ತೀನಿ,” ಎಂದು ಡಂಗುರ ಓಡಿದ. ಅವನು ತಿರುವು ದಾಟುವ ಮೊದಲೇ ಸುದ್ದಿ ಮುಂದಿನ ಬೀದಿಗೆ ತಲುಪಿತ್ತು.

ನಾಲ್ಕು ಗಂಟೆಗೆ ಅಜ್ಜ ಬಂದರು.

ಅಜ್ಜ ಬಸ್ ಡ್ರೈವರ್ ಆಗಿದ್ದವರು. ಅವರ ಬಸ್ಸಿನ ವೇಗಕ್ಕೆ ಗಾಳಿಯೇ ಸುಸ್ತಾಗಿ, ಕೈ ಅಡ್ಡ ಹಿಡಿದು ಹತ್ತಿಕೊಳ್ಳುತ್ತಿತ್ತು. ಹೋದ ವರ್ಷ ಕಾಯಿಲೆ ಬಂದು ಅವರ ಬಲಗೈಯ ಶಕ್ತಿ ಹೋಯಿತು. ಈಗ ಊಟ, ಶೇವಿಂಗು, ಪೇಪರ್ ತಿರುಗಿಸುವುದು ಎಲ್ಲವೂ ಎಡಗೈಯಲ್ಲೇ. ದಿನಾ ನಾಲ್ಕಕ್ಕೆ ಅವರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅದೇ ಬಸ್ಸಿನ ಕಂಡಕ್ಟರ್ ಆಗಿದ್ದವರು ಬೇರೆ ಊರಿನಲ್ಲಿ ತಮ್ಮ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಇಬ್ಬರೂ ಚೆಸ್ ಆಡುತ್ತಾರೆ. ಆ ಹೊತ್ತಿನಲ್ಲಿ ಭೂಕಂಪವಾದರೂ ಅಜ್ಜ, “ತಡಿ, ಒಂದು ನಡೆ ಇದೆ,” ಎನ್ನುವವರು.

ಬುಗುರಿ ಬಾಗಿಲ ಹಿಂದೆ ನಿಂತಳು. ಬಳುಕುವ ಕಿಟಕಿ ನೋಡಿ ಅಜ್ಜ ಬೆರಗಾಗುವುದನ್ನು ನೋಡಬೇಕಿತ್ತು ಅವಳಿಗೆ.

ಅಜ್ಜ ಮೌಸನ್ನು ಎಡಗಡೆಗೆ ತಂದುಕೊಂಡರು. ಬಾಣ ಎಲ್ಲಿದೆ ಎಂದು ಹುಡುಕಿದರು. ಮುಖವನ್ನು ಪರದೆಯ ಹತ್ತಿರ ಒಯ್ದು, ಕನ್ನಡಕ ಒರೆಸಿ, ಮತ್ತೆ ಹುಡುಕಿದರು. ಕೊನೆಗೆ ಕುದುರೆ ಮುಖದ ಚೆಸ್ ಐಕಾನ್ ಸಿಕ್ಕಿತು. ತೋರುಬೆರಳಿನಿಂದ ಒತ್ತಿದರು. ಚೆಸ್ ತೆರೆಯಲಿಲ್ಲ, ಅದರ ಬದಲು ಯಾವುದೋ ಉದ್ದನೆಯ ಪಟ್ಟಿ ಬಂತು. ಇನ್ನೊಮ್ಮೆ ಒತ್ತಿದರು. ಮತ್ತೆ ಪಟ್ಟಿ.

ಅಜ್ಜ ತೋರುಬೆರಳನ್ನು ಮೇಲೆತ್ತಿ ನೋಡಿಕೊಂಡರು. ಅಂಗಿಗೆ ಒರೆಸಿ ಮತ್ತೆ ಒತ್ತಿದರು. ಆಮೇಲೆ ಎಡಗೈಯನ್ನು ಮುಷ್ಟಿ ಮಾಡಿ, ಬಿಡಿಸಿ, ಮುಷ್ಟಿ ಮಾಡಿ, ಬಿಡಿಸಿ, ಎದ್ದು ಅಡುಗೆಮನೆಗೆ ಹೋದರು.

“ಏನ್ರೀ, ಇಷ್ಟು ಬೇಗ ಮುಗೀತಾ?” ಎಂದರು ಅಜ್ಜಿ.

“ಎಡಗೈಯೂ ಮಾತು ಕೇಳ್ತಿಲ್ಲ ಕಣೇ,” ಎಂದರು ಅಜ್ಜ. “ಒಂದು ಒತ್ತಿದ್ರೆ ಇನ್ನೊಂದಾಗುತ್ತೆ. ಕಣ್ಣಿಗೂ ಸರಿಯಾಗಿ ಕಾಣಿಸ್ತಿಲ್ಲ. ಬಲಗೈಯೂ ಹೀಗೇ ಶುರುವಾಗಿದ್ದಲ್ವಾ?”

ಅಜ್ಜಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. “ಡಾಕ್ಟ್ರ ಹತ್ರ ಹೋಗೋಣ.”

“ಸೋಮವಾರ ನೋಡೋಣ. ಕಂಡಕ್ಟರ್ ಫೋನ್ ಮಾಡಿದ್ರೆ ನಾನೇ ಸೋತೆ ಅಂತ ಹೇಳಿಬಿಡು.”

ಇಲ್ಲಿ ನಾನು ಒಂದಕ್ಷರವನ್ನೂ ಸೇರಿಸಿಲ್ಲ. ಅವರು ಹೇಳಿದ್ದೇ ಇಷ್ಟು.

ಬುಗುರಿ ನಿಂತಲ್ಲೇ ನಿಂತಿದ್ದಳು. ಆಮೇಲೆ ಮೆಲ್ಲಗೆ ಹೋಗಿ ಅಜ್ಜನ ಕುರ್ಚಿಯಲ್ಲಿ ಕುಳಿತಳು. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಎಡಗೈಯನ್ನು ಮೌಸಿನ ಮೇಲಿಟ್ಟಳು. ತೋರುಬೆರಳು ತಾನಾಗಿಯೇ ಬಲಗಡೆಯ ಬಟನ್ನಿನ ಮೇಲೆ ಕೂತಿತು. ಒತ್ತಿದಳು. ಪಟ್ಟಿ ಬಂತು.

ಉಲ್ಟಾ ಇದ್ದದ್ದು ಅವಳ ಕೈಗೆ. ಅಜ್ಜನ ಕೈಗೆ ಅದೇ ಸರಿ ಇತ್ತು.

ಅಜ್ಜಿಯ ಫೋನ್ ತೆಗೆದುಕೊಂಡು ಅಕ್ಕನಿಗೆ ಕರೆ ಮಾಡಿದಳು.

“ಲೇ, ಎಲ್ಲಾ ರೀಸೆಟ್ ಮಾಡಿಬಿಟ್ಯಾ?” ಎಂದಳು ಅಕ್ಕ. “ಒಂದು ರಜಾ ಪೂರ್ತಿ ಅಜ್ಜನ ಪಕ್ಕ ಕೂತು ಮಾಡಿದ್ದು ಕಣೇ ಅದು.”

“ಹೇಗಿತ್ತು ಅಂತ ಹೇಳು, ಹಾಗೇ ಮಾಡ್ತೀನಿ.”

“ನನಗೆಲ್ಲಿ ನೆನಪಿರುತ್ತೆ? ಒಂದೊಂದೇ ಮಾಡ್ತಾ, ಅಜ್ಜನ್ನ ಕೇಳ್ತಾ ಹೋಗಿದ್ದೆ. ಚೆಸ್ ಏನಾದ್ರೂ ಮುಟ್ಟಿದೀಯಾ?”

“ಇಲ್ಲ.”

“ಸದ್ಯ. ಅದರಲ್ಲಿ ಮೊದ್ಲು ಕಾಯಿನ ಒತ್ತಿ ಹಿಡಿದು ಎಳ್ಕೊಂಡು ಹೋಗ್ಬೇಕಿತ್ತು. ಅಜ್ಜನ ಕೈ ನಡುಗಿ ಕುದುರೆ ದಾರೀಲೇ ಬಿದ್ದುಬಿಡ್ತಿತ್ತು. ಆ ಆಟ ಬರೆದೋರಿಗೆ ನಾನೊಂದು ಮೆಸೇಜ್ ಹಾಕಿದೆ, ಅಜ್ಜನ ಕೈ ಹೀಗಿದೆ ಅಂತ. ಯಾವ ದೇಶದವರೋ ಏನೋ. ಸ್ವಲ್ಪ ದಿನಕ್ಕೇ ಆಟದಲ್ಲಿ ಹೊಸ ಆಪ್ಷನ್ ಬಂತು. ಕಾಯಿ ಒಂದ್ಸಲ ಒತ್ತು, ಹೋಗ್ಬೇಕಾದ ಮನೆ ಒಂದ್ಸಲ ಒತ್ತು, ಅಷ್ಟೇ.”

“ನಮ್ಮಜ್ಜಂಗೆ ಅಂತಾನೇ ಮಾಡಿದ್ರಾ?”

“ಹೂಂ. ಈಗ ಅದನ್ನ ಆಡೋ ಎಲ್ರಿಗೂ ಇದೆ.”

ಬುಗುರಿ ಫೋನಿಟ್ಟು ಯೋಚಿಸಿದಳು. ಬಟನ್ನುಗಳನ್ನು ಗುಟ್ಟಾಗಿ ಉಲ್ಟಾ ಮಾಡಿಬಿಡಬಹುದು. ಬಾಣವನ್ನೂ ದಪ್ಪ ಮಾಡಬಹುದು. ನಾಳೆ ಎಲ್ಲ ಸರಿಯಾಗಿರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಅಜ್ಜ ಮಾತ್ರ, ಇವತ್ತು ಕೈ ಕೊಟ್ಟ ಎಡಗೈ ಮತ್ತೆ ಯಾವತ್ತು ಕೈ ಕೊಡುತ್ತದೋ ಎಂದು ಕಾಯುತ್ತಾ ಇರುತ್ತಾರೆ.

ಅಜ್ಜ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಎಡಗೈ ಇನ್ನೂ ಮುಷ್ಟಿ ಕಟ್ಟಿ ಬಿಡಿಸುತ್ತಲೇ ಇತ್ತು. ಕಂಪ್ಯೂಟರಿನ ಹತ್ತಿರದಿಂದ ಮೆಟ್ಟಿಲಿಗೆ ಆರು ಹೆಜ್ಜೆ ಇರಬಹುದು. ಬುಗುರಿ ಆರು ಮೈಲಿ ನಡೆದು ಹೋದಳು.

“ಅಜ್ಜ, ನಿಮ್ಮ ಕೈ ಸರಿಯಾಗೇ ಇದೆ.”

“ನಿನಗ್ಯಾರು ಹೇಳಿದ್ದು ಮರಿ?”

“ಕಂಪ್ಯೂಟರ್ ಬಟನ್ನು ನಾನೇ ತಿರುಗಿಸಿಟ್ಟಿದ್ದು. ನನ್ನ ಕೈಗೆ ಬೇಕಾದ ಹಾಗೆ.”

ಅಜ್ಜ ಅವಳನ್ನು ನೋಡಿದರು. “ಕಣ್ಣು?”

“ಕಣ್ಣಿಗೂ ಏನೂ ಆಗಿಲ್ಲ. ಬಾಣನ ಸೂಜಿ ಥರ ಮಾಡಿದೋಳೂ ನಾನೇ.”

ಅಜ್ಜ ಉಸಿರು ಬಿಟ್ಟರು. ಆ ಉಸಿರಿಗೆ ಅವರ ಮನೆಯ ತಂತಿಯ ಮೇಲಿದ್ದ ಬಟ್ಟೆಗಳೆಲ್ಲ ಹಾರಿ ಪಕ್ಕದ ಮನೆಯ ತಂತಿಗೆ ಹೋಗಿ ಒಣಗತೊಡಗಿದವು.

“ನಾನು ಸೋಮವಾರದ ತನಕ ನಿದ್ದೆ ಮಾಡ್ತಿರಲಿಲ್ಲ ಗೊತ್ತಾ?” ಎಂದರು. ಬೈದ ಹಾಗಿರಲಿಲ್ಲ. ಬುಗುರಿಗೆ ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಅಜ್ಜ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: “ನಮ್ಮ ಬಸ್ಸಿಗೆ ಇಬ್ರು ಡ್ರೈವರು. ಬೆಳಗಿನ ಶಿಫ್ಟಿನವನು ಗಿಡ್ಡ, ನಾನು ಉದ್ದ. ಹತ್ತಿದ ತಕ್ಷಣ ನಾನು ಸೀಟು ಹಿಂದಕ್ಕೆ ತಳ್ಳಿ ಕನ್ನಡಿ ತಿರುಗಿಸ್ಕೊಳ್ತಿದ್ದೆ. ಅವನು ಬಂದ್ರೆ ಮತ್ತೆ ಮುಂದಕ್ಕೆ. ಅದಕ್ಕೆಲ್ಲ ನಾವು ಜಗಳ ಆಡ್ತಿರಲಿಲ್ಲ.”

“ನಾನು ಕನ್ನಡೀನೇ ಕಿತ್ತು ಹಾಕ್ದೆ,” ಎಂದಳು ಬುಗುರಿ.

“ಹೂಂ. ಬಸ್ಸಿಗೆಲ್ಲ ಕಪ್ಪು ಪೇಂಟು ಬೇರೆ ಹೊಡೆದೆ. ಬಾ, ಸರಿ ಮಾಡೋಣ.”

ಅಜ್ಜ ಕುರ್ಚಿಯಲ್ಲಿ ಕೂತರು, ಬುಗುರಿ ಪಕ್ಕದಲ್ಲಿ ನಿಂತು ಮೊದಲು ಬಟನ್ನುಗಳನ್ನು ಅಜ್ಜನ ಕೈಗೆ ಸರಿಯಾಗಿ ತಿರುಗಿಸಿದಳು. “ಬಾಣ ಇಷ್ಟು ಸಾಕಾ?” “ಇನ್ನೊಂಚೂರು.” “ಇಷ್ಟು?” “ಇನ್ನೂ.” ಅದು ಮತ್ತೆ ಬಾಳೆಹಣ್ಣಾದಾಗಲೇ ಅಜ್ಜನ ಕಣ್ಣು ಅದರ ಹಿಂದೆ ಸಲೀಸಾಗಿ ಓಡಿತು. ಹಸಿರು, ಕೆಂಪು, ನೀಲಿ ಎಲ್ಲ ಹಾಕಿ ನೋಡಿದರು. ಅಜ್ಜನಿಗೆ ಚೆನ್ನಾಗಿ ಕಂಡದ್ದು ಹಳದಿಯೇ. ಐಕಾನುಗಳನ್ನು ಬಲಗಡೆ ಇಟ್ಟರೆ ಅಜ್ಜನ ಮೊಣಕೈ ಹೊಟ್ಟೆಗೆ ತಾಗುತ್ತಿತ್ತು, ಎಡಗಡೆ ಇಟ್ಟರೆ ಆರಾಮ. ನಾಲ್ಕನೆಯ ಐಕಾನ್ ಇಟ್ಟರೆ ಬೆರಳು ನಡುಗಿದಾಗ ಪಕ್ಕದ್ದು ತೆರೆದುಕೊಳ್ಳುತ್ತಿತ್ತು.

ಒಂದೊಂದಾಗಿ ಅಕ್ಕನ ಕಂಪ್ಯೂಟರೇ ವಾಪಸ್ ಬಂತು. ಅಕ್ಕನಿಗೆ ಟೇಸ್ಟ್ ಇಲ್ಲ ಎಂದದ್ದನ್ನು ಬುಗುರಿ ಯಾರಿಗೂ ಹೇಳದೆ ನುಂಗಿಕೊಂಡಳು.

“ನಿನ್ನ ಶಿಫ್ಟಿಗೆ ಏನು ಮಾಡ್ತೀಯ?” ಎಂದು ಕೇಳಿದರು ಅಜ್ಜ.

ಬುಗುರಿ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದಳು. ಒಂದೇ ಕಂಪ್ಯೂಟರಿನಲ್ಲಿ ಇಬ್ಬರಿಗೆ ಅವರವರ ಹೆಸರಿನಲ್ಲಿ ಬೇರೆಬೇರೆ ಮನೆ ಮಾಡಿಕೊಡುವ ಜಾಗ ಸಿಕ್ಕಿತು. ಅದು ಪಾಸ್‌ವರ್ಡ್ ಕೇಳಿತು.

“ನನ್ನ ಬಸ್ಸಿನ ನಂಬರು,” ಎಂದು ಅಜ್ಜ ಅದನ್ನು ಗಟ್ಟಿಯಾಗಿ ಕೂಗಿ ಹೇಳಿದರು. ಬಸ್ಸು ಓಡಿಸಿದವರ ಗಂಟಲು ಅದು. ಆ ಗುಟ್ಟು ಈಗ ಇಡೀ ಬೀದಿಗೆ ಗೊತ್ತು.

ಅಷ್ಟರಲ್ಲಿ ಫೋನ್ ಬಂತು. ಅಜ್ಜಿ ಎತ್ತಿದರು. “ಕಂಡಕ್ಟರು ಕೇಳ್ತಿದಾರೆ, ಸೋಲೊಪ್ಪಿಕೊಂಡ್ರಾ ಅಂತ.”

“ಸೋತಿದ್ದು ಬುಗುರಿ ಅಂತ ಹೇಳು,” ಎಂದರು ಅಜ್ಜ. “ನನ್ನ ಗಾಡಿ ಈಗ ಹೊರಡ್ತಿದೆ.”

ಅಜ್ಜ ಕುದುರೆಯನ್ನು ಒಮ್ಮೆ ಒತ್ತಿದರು, ಅದು ಹೋಗಬೇಕಾದ ಮನೆಯನ್ನು ಒಮ್ಮೆ ಒತ್ತಿದರು. ಕುದುರೆ ದಾರಿಯಲ್ಲಿ ಎಲ್ಲೂ ಬೀಳದೆ ಹೋಗಿ ಕೂತಿತು. ಯಾವ ದೇಶದವರೋ ಮಾಡಿಕೊಟ್ಟ ಆ ನಡೆಯನ್ನು ಬುಗುರಿ ಕಣ್ಣು ಪಿಳುಕಿಸದೆ ನೋಡಿದಳು.

ಮರುದಿನ ಡಂಗುರ ಅರ್ಧ ಊರನ್ನು ಕಟ್ಟಿಕೊಂಡು ಬಂದ. ಸರಿ, ನಾಲ್ಕು ಜನ. ಕಪ್ಪು ಆಕಾಶ, ಇರುವೆ ಸಾಲು, ಬಳುಕುವ ಕಿಟಕಿ ಎಲ್ಲವನ್ನೂ ಬುಗುರಿ ರಾತ್ರಿಯೇ ತನ್ನ ಹೆಸರಿನ ಮನೆಯಲ್ಲಿ ಮತ್ತೆ ಮಾಡಿಟ್ಟಿದ್ದಳು. ಎಲ್ಲರೂ ಒಬ್ಬೊಬ್ಬರಾಗಿ ಅಲ್ಲಾಡಿಸಿದರು. ಉಳಿದವರು ಹೋದ ಮೇಲೂ ಡಂಗುರ ಅಲ್ಲೇ ನಿಂತಿದ್ದ.

“ನಮ್ಮ ಲ್ಯಾಪ್‌ಟಾಪಿಗೂ ಇದನ್ನ ಹಾಕ್ಕೊಡು. ಇವತ್ತೇ. ಹಳೇದೆಲ್ಲ ಅಳಿಸಿಬಿಡು.”

“ಹಾಕ್ಕೊಡ್ತೀನಿ,” ಎಂದಳು ಬುಗುರಿ. “ನಿಮ್ಮನೇಲಿ ಅದನ್ನ ನೀನು ಬಿಟ್ರೆ ಬೇರೆ ಯಾರು ಬಳಸ್ತಾರೆ?”

“ಅಮ್ಮ ಏನೋ ಟೈಪ್ ಮಾಡ್ತಿರ್ತಾಳೆ. ಯಾಕೆ?”

“ಮೊದ್ಲು ಅವರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡ್ಬೇಕು.”

ಡಂಗುರನಿಗೆ ಏನೂ ಅರ್ಥವಾಗಲಿಲ್ಲ. ಗಡಿಯಾರದಲ್ಲಿ ನಾಲ್ಕಾಗುತ್ತಿತ್ತು. ಬುಗುರಿ ತನ್ನ ಆಕಾಶವನ್ನು ಮುಚ್ಚಿದಳು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿದಳು. ಮೌಸನ್ನು ಎತ್ತಿ, ಅದರ ವೈರು ಸಿಕ್ಕಿಹಾಕಿಕೊಳ್ಳದ ಹಾಗೆ ಬಿಡಿಸಿ, ಕೀಬೋರ್ಡಿನ ಎಡಗಡೆ ಇಟ್ಟಳು.